ಹನ್ನೆರಡು ನಾಳೆ

"ಆ ಕಾಗದ ನಿಮ್ ಕೈಗೆ ಬಂತೋ ಇಲ್ವೋ, ಅಷ್ಟು ಹೇಳಿ ಸಾರ್."

ಕೇಳಿದವನು ಕೈದಿ ಚಂದ್ರಯ್ಯ. ಕಟಕಟೆಯಲ್ಲಿ ನಿಂತವನು ಅವನ ಜೈಲಿನ ವಾರ್ಡರ್ ರವಿಚಂದ್ರ, ಇತಿಹಾಸದಲ್ಲಿ ಎಂ.ಎ. ಮಾಡಿದವನು. ಸಕಲೇಶಪುರದ ಕೋರ್ಟಿನಲ್ಲಿ ಯಾರಿಗೂ ಇದು ವಿಚಿತ್ರವೆನಿಸಿದಂತೆ ಕಾಣಲಿಲ್ಲ. ವಕೀಲರೊಬ್ಬರು ಆಕಳಿಸಿದರು.

ಚಂದ್ರಯ್ಯ ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಜಗಳದಲ್ಲಿ ಒಬ್ಬನನ್ನು ಕಡಿದು ಒಳಗೆ ಬಂದಿದ್ದ. ತಾಯಿ ದೇವೀರಮ್ಮ ತೀರಿಕೊಂಡಳೆಂದು ಅಕ್ಕ ಬರೆಸಿದ ಕಾಗದ ಜೈಲಿಗೆ ಬಂದು ಹನ್ನೆರಡು ದಿನದ ಮೇಲೆ ಅವನ ಕೈಸೇರಿತು. ತಿಥಿ ಮುಗಿದಿತ್ತು. ವಕೀಲರನ್ನಿಡದೆ ತಾನೇ ದಾವೆ ಹೂಡಿದ. ಕೇಳಿದ್ದು ಇಷ್ಟೇ: ತಪ್ಪು ಯಾರದೆಂದು ದಾಖಲಾಗಬೇಕು. ಪ್ರತಿವಾದಿ ರವಿಚಂದ್ರನ ಮನೆ ಸಕಲೇಶಪುರ ತಾಲ್ಲೂಕಿನ ಬೆಳಗೋಡಾದ್ದರಿಂದ ಈ ಕೋರ್ಟೇ ಸರಿ ಎಂದು ಓದಿ ಕಂಡುಕೊಂಡವನೂ ಅವನೇ. ಓದಲು ಕಾನೂನಿನ ಪುಸ್ತಕ ಹುಡುಕಿಕೊಟ್ಟವನು, ಜೈಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ರವಿಚಂದ್ರ.

"ನೆನಪಿಲ್ಲ." ಸರ್ಕಾರಿ ವಕೀಲರು ಹೇಳಿಕೊಟ್ಟಿದ್ದು ಅದೊಂದೇ ಮಾತು.

ನೆನಪಿತ್ತು. ಕೈದಿಗಳ ಕಾಗದ ಒಡೆದು ಓದುವುದು ಅವನ ಕೆಲಸ. ಓದಿದ್ದ. ಸಾವಿನ ಸುದ್ದಿ ತಾನೇ ಹೇಳಬೇಕಲ್ಲ ಎಂದು ಅಳುಕಿ, ನಾಳೆ ಕೊಟ್ಟರಾಯಿತೆಂದು ಡ್ರಾಯರಿನಲ್ಲಿಟ್ಟ. ನಾಳೆ ಹನ್ನೆರಡು ಸಲ ಬಂತು. ದ್ವೇಷವಾದರೂ ಇದ್ದಿದ್ದರೆ ಹೇಳಿಕೊಳ್ಳಲು ಒಂದು ಕಾರಣ ಇರುತ್ತಿತ್ತು.

"ಓದಿದ್ರಾ?"

"ನಿಯಮದ ಪ್ರಕಾರ ಎಲ್ಲಾ ಓದ್ತೀವಿ."

"ಇದನ್ನ?"

"ನೆನಪಿಲ್ಲ."

ಚಂದ್ರಯ್ಯ ಕೈಯಲ್ಲಿದ್ದ ಹಾಳೆ ಮಡಿಚಿದ. "ಅಷ್ಟು ದಿನಾನೂ ಬೆಳಗೆದ್ದು ನನ್ ಮುಖ ನೋಡ್ತಿದ್ರಲ್ಲ ಸಾರ್. ಹೆಂಗಿತ್ತು?"

ಸರ್ಕಾರಿ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶೆ ಪ್ರಶ್ನೆ ತಳ್ಳಿಹಾಕಿ ವಿಚಾರಣೆಯನ್ನು ಮುಂದಿನ ತಿಂಗಳಿಗೆ ಮುಂದೂಡಿದರು. ಉತ್ತರ ಹೇಳಲು ರವಿಚಂದ್ರನ ಬಾಯಿ ಆಗಲೇ ತೆರೆದಿತ್ತು. ಇಷ್ಟು ಗಮನವಿಟ್ಟು ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೆಂಡತಿ ಸುಮನಾ ಕೂಡ. ಬಾಯಿ ಮುಚ್ಚಿಕೊಂಡ.

ಬೆಂಗಾವಲಿಗೆ ಪೊಲೀಸ್ ಒಬ್ಬನೇ ಬಂದಿದ್ದರಿಂದ ರವಿಚಂದ್ರನೂ ಕಾವಲಿಗೆ ಹತ್ತಬೇಕಾಯಿತು; ವಾದಿ, ಪ್ರತಿವಾದಿ ಒಂದೇ ವ್ಯಾನಿನಲ್ಲಿ ಹಿಂತಿರುಗಿದರು.

"ಚೆನ್ನಾಗಿ ಕೇಳ್ದೆ," ಎಂದ ರವಿಚಂದ್ರ.

"ನೀವ್ ಕೊಟ್ಟ ಪುಸ್ತಕ ಅಲ್ವಾ ಸಾರ್."

ಸ್ವಲ್ಪ ದೂರ ಹೋದ ಮೇಲೆ, "ಆ ಕಾಗದ, ಚಂದ್ರಯ್ಯ..."

"ಈಗ ಬ್ಯಾಡಿ. ಏನಿದ್ರೂ ಕೋರ್ಟಲ್ಲಿ ಹೇಳಿ. ಇಲ್ಲಿ ಹೇಳಿದ್ರೆ ಬರ್ಕೊಳ್ಳೋರು ಯಾರವ್ರೆ?"

ಜೈಲಿನ ದಾರಿಯಲ್ಲಿ ಆಲೂರು ಇನ್ನೂ ಮುಂದಿತ್ತು. ವ್ಯಾನು ನಿಂತಿತು. ಕಾಫಿ ತೋಟದಿಂದ ಇಳಿದ ಆನೆಗಳು ರಸ್ತೆ ದಾಟುತ್ತಿದ್ದವು. ಡ್ರೈವರ್ ಇಂಜಿನ್ ಆರಿಸಿ, "ಉಸಿರೆತ್ಬ್ಯಾಡಿ ಮಾರಾಯ್ರೆ," ಎಂದು ಪಿಸುಗುಟ್ಟಿದ.

ಕೊನೆಯ ಹೆಣ್ಣಾನೆಯ ಕೊರಳಲ್ಲಿ ಅರಣ್ಯ ಇಲಾಖೆಯವರು ಕಟ್ಟಿದ ರೇಡಿಯೋ ಪಟ್ಟಿ. ಉಳಿದವು ಆಚೆ ತೋಟದೊಳಗೆ ಇಳಿದವು. ಅದು ಮಾತ್ರ ರಸ್ತೆಯ ನಡುವೆ ನಿಂತು, ವ್ಯಾನಿನ ಜಾಲರಿಯ ಒಳಗಿದ್ದವರನ್ನೆಲ್ಲ ಒಂದೇ ಸಮನೆ ನೋಡತೊಡಗಿತು.

ಅದು ಹೋಗುವವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಅದು ಹೋಗಲಿಲ್ಲ.