ಒರಗುಕುರ್ಚಿ ಹುಡುಕಿಕೊಂಡು ಹೋಗುವ ಮನೆಗಳು

ಮೆಟ್ಟಿಲಿಗೆ ಯಾರೋ ಫಿನಾಯಿಲ್ ಹಾಕಿ ಒರೆಸಿದ್ದಾರೆ, ಕಾಲು ಜಾರುತ್ತದೆ, ಬೆನ್ನ ಮೇಲೆ ಒರಗುಕುರ್ಚಿಯ ಡಬ್ಬ — ನನ್ನ ಕಣ್ಣಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಆನೆಯನ್ನು ಲಿಫ್ಟಿನಲ್ಲಿ ಸಾಗಿಸಿದೆ ಅಂತ ಹೇಳಿಕೊಂಡು ತಿರುಗಿದ್ದು ಸುಳ್ಳು, ಇದು ನಿಜ, ಒಳಗೊಳಗೇ ಹೇಳಿಕೊಳ್ಳುವಾಗ ಯಾರು ಸುಳ್ಳು ಹೇಳುತ್ತಾರೆ — ಇನ್ನೊಂದು ಮಹಡಿ, ನನ್ನದೇ ಮನೆ, ಅಕ್ಕನ ಕುರ್ಚಿ ಅಂಗಡಿಯ ಡೆಲಿವರಿ ನಾನೇ, ಇವತ್ತಿನ ಗಿರಾಕಿ ನನ್ನ ಹೆಂಡತಿ, ಕೆಳಗಿನಿಂದ ಫೋನ್ ಮಾಡಿದೆ, ಎತ್ತಲಿಲ್ಲ, ಸ್ನಾನಕ್ಕೆ ಹೋಗಿರಬಹುದು, ಮಲಗಿರಬಹುದು, ಏನೂ ಅನ್ನಿಸುತ್ತಿಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಇಡೀ ಮೈ. ಈ ಕುರ್ಚಿ ಒಯ್ದ ಮೊದಲನೇ ಮನೆಯಲ್ಲೂ ಹೀಗೇ ಡಬ್ಬ ಹೊತ್ತು ನಿಂತಿದ್ದೆ, ಬಾಗಿಲ ಹೊರಗೆ ಚಪ್ಪಲಿ ರಾಶಿ, ಮದುವೆ ಮಾತುಕತೆ ಇರಬೇಕು ಅಂದುಕೊಂಡು ಹಲ್ಲು ಕಿರಿದುಕೊಂಡೇ ಇಣುಕಿದೆ, ಆ ಮನೆಯ ಮಗ ಬಂದು, ಅಪ್ಪಂಗೆ ಅಂತ ತರಿಸಿದ್ದು ಅಣ್ಣಾ, ಬೆಳಿಗ್ಗೆ ಹೋಗ್ಬಿಟ್ರು ಅಂದ. ವಾಪಸು ಅಂತ ಒತ್ತೋಣವೆಂದರೆ ಫೋನಿನ ಡೆಲಿವರಿ ಆ್ಯಪು ಕಾರಣ ಕೇಳುತ್ತದೆ, ಬಣ್ಣ ಹಿಡಿಸಲಿಲ್ಲ, ಅಳತೆ ಸರಿಯಿಲ್ಲ, ಮನಸ್ಸು ಬದಲಾಯಿತು, ಅಷ್ಟೇ, ಸತ್ತುಹೋದರು ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ, ಸತ್ತವರ ಮನಸ್ಸು ಬದಲಾಯಿತು ಅಂತ ಹೇಗೆ ಒತ್ತುವುದು, ಇಟ್ಟು ಹೋಗಿ ಅಣ್ಣಾ, ಕೂರೋಕೆ ಜನ ಬಂದಿದಾರೆ ಅಂತ ಮಗನೇ ಅಂದ, ಇಟ್ಟೆ, ತಲುಪಿದೆ ಅಂತ ಒತ್ತಿದೆ.

ಅಂಗಡಿ ಅಕ್ಕನದು, ಕಂಪ್ಯೂಟರು ಭಾವನದು, ಅವರೇ ಬಿಡಿಸಿ ಹೇಳಿದ್ದು — ಲೋ, ಮುಂಚೆ ಗಿರಾಕಿ ಫೋನೇ ಜಾಹೀರಾತಿನೋರ ಹತ್ರ ಚಾಡಿ ಹೇಳ್ತಿತ್ತು, ಇವನು ಕೊಂಡ ಅಂತ, ಈಗ ಫೋನ್‌ಗಳೆಲ್ಲ ಬಾಯಿ ಮುಚ್ಕೊಂಡಿವೆ, ಅದಕ್ಕೆ ನಮ್ಮ ಸರ್ವರ್ರೇ ನೇರ ಅವರ ಕಿವೀಲಿ ಊದುತ್ತೆ, ನೀನು ತಲುಪಿದೆ ಅಂತ ಒತ್ತಿದ ತಕ್ಷಣ ಗಿರಾಕಿ ನಂಬರನ್ನ ಗುರುತು ಸಿಗದ ಹಾಗೆ ಕಲಸಿ ಕಳಿಸುತ್ತೆ, ಅವರು ತಮ್ಮ ಪಟ್ಟಿಗೆ ತಾಳೆ ಹಾಕಿ, ಅಂಥವರನ್ನೇ ಹುಡುಕಿ ನಮ್ಮ ಕುರ್ಚಿ ತೋರಿಸ್ತಾರೆ. ಎಂಥವರನ್ನ ಭಾವ? ಅಂಥವರನ್ನೇ ಕಣೋ. ಭಾವ ನಕ್ಕರು, ನಾನೂ ನಕ್ಕೆ, ಮುಂದಿನ ಮನೆಯಲ್ಲಿ ಚಪ್ಪಲಿ ರಾಶಿ, ಅದರ ಮುಂದಿನ ಮನೆಯಲ್ಲಿ ಚಪ್ಪಲಿ ರಾಶಿ, ಒಂದರ ಮೇಲೊಂದು ಏರಿ ಕೂತ ಚಪ್ಪಲಿಗಳು, ಪ್ರತಿ ಸಲವೂ ಇಟ್ಟು ಹೋಗಿ ಅಂದರು, ಪ್ರತಿ ಸಲವೂ ಒತ್ತಿದೆ, ಅಕ್ಕ ಕುಣಿಯುತ್ತಾಳೆ, ವ್ಯಾಪಾರ ಏನು ಕುದುರಿದೆ, ಎಲ್ಲ ನಿನ್ನ ಕೈಗುಣ ಕಣೋ. ಆ ಜಾಹೀರಾತು ನಿಲ್ಸಿ ಭಾವ, ಅದು ಸಾಯೋರನ್ನ ಹುಡುಕ್ತಿದೆ ಅಂದರೆ, ಆನೆ ಕಥೆ ಮುಗೀತು, ಈಗ ಯಮನ ಕಥೆನಾ ಅಂದರು. ಮೊನ್ನೆ ಇವಳು ತರಕಾರಿ ಹೆಚ್ಚುತ್ತಾ, ರೀ, ಈ ಕುರ್ಚಿ ನನ್ನ ಫೋನಲ್ಲೇ ಠಿಕಾಣಿ ಹೂಡಿದೆ, ನಿಮ್ಮಂಗಡೀದೇ ಅಲ್ವಾ, ಸೊಂಟ ನೋಯ್ತಿದೆ ಅಂತ ಆರ್ಡರ್ ಹಾಕ್ಬಿಟ್ಟೆ ಅಂದಳು. ಕ್ಯಾನ್ಸಲ್ ಮಾಡೇ ಅಂದೆ. ಯಾಕೆ, ಊರಿಗೆಲ್ಲ ಹೊತ್ತು ಹಾಕ್ತೀರ, ಹೆಂಡ್ತಿಗೆ ಹೊರೋಕೆ ಭಾರಾನಾ? ಭಾರವಲ್ಲ ಅಂತ ತೋರಿಸುವುದಕ್ಕೇ ಹೊತ್ತು ತಂದೆನೇನೋ, ಮಹಡಿ ಬಂತು, ಬಾಗಿಲು ಮುಚ್ಚಿಕೊಂಡಿದೆ, ಹೊರಗೆ ಚಪ್ಪಲಿ ಒಂದೇ ಜೊತೆ, ಅವಳದು — ಒಂದೇ ಜೊತೆ, ಅಂದರೆ ಏನೂ ಆಗಿಲ್ಲ, ಅಥವಾ ಇನ್ನೂ ಯಾರಿಗೂ ಗೊತ್ತಾಗಿಲ್ಲ — ಹಿಮ್ಮಡಿ ಸವೆದದ್ದು, ಒಂದು ನೆಟ್ಟಗೆ, ಒಂದು ಮಗುಚಿ, ಒಳಗೆ ಫ್ಯಾನು ತಿರುಗುವ ಸದ್ದು, ಒಂದೇ ಜೊತೆ, ನನ್ನ ಎರಡು ಕೈಯೂ ಡಬ್ಬ ಹಿಡಿದಿವೆ, ಇಷ್ಟು ಹೊತ್ತು ನನ್ನ ತಲೆಯೊಳಗೆ ಕೂತು ಬಿಟ್ಟಿ ಕಥೆ ಕೇಳಿದೆಯಲ್ಲ, ಯಾರೇ ಆಗಿರು, ಬಾ, ಬೆಲ್ ನೀನು ಒತ್ತು.