ಹಡಗಿನ ಡಾಕ್ಟರ ಹೆಂಡತಿ ಎಲ್ಲಿದ್ದಳು?

೧
ಈ ಕಥೆಯನ್ನು ಸಮುದ್ರದಿಂದ ಶುರು ಮಾಡಲೇ, ನಾಗಸಂದ್ರದಿಂದಲೇ? ಸಮುದ್ರದ ಡ್ರಾಫ್ಟ್ ಒಂದಿತ್ತು. ಎರಡನೇ ಪ್ಯಾರಾದಲ್ಲೇ ಮುಳುಗಿತು. (ನನಗೆ ಈಜು ಬರುವುದಿಲ್ಲ.) ಹಾಗಾಗಿ ನಾಗಸಂದ್ರ, ಮೆಟ್ರೋ ಸ್ಟೇಷನ್ನಿನ ಹಿಂದಿನ ಬೀದಿ, ಚನ್ನಕ್ಕನ ಮನೆ.

೨
ಚನ್ನಕ್ಕನ ಗಂಡ ಮುರಿಗೆಪ್ಪ ಬಾಗಲಕೋಟೆ ಕಡೆಯವನು, ಇಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಪ್ರತಿ ವರ್ಷ ಒಂದೇ ಹಳೇ ಕಾದಂಬರಿ ಪಾಠ ಮಾಡುತ್ತಿದ್ದ. ಹಡಗಿನ ಡಾಕ್ಟರೊಬ್ಬ ಗೇಣುದ್ದದ ಜನರ ದ್ವೀಪಕ್ಕೆ ಹೋಗುತ್ತಾನೆ, ಆಮೇಲೆ ದೈತ್ಯರ ನಾಡಿಗೆ, ಕೊನೆಗೆ ಮಾತಾಡುವ ಕುದುರೆಗಳ ದೇಶಕ್ಕೆ. ವಾಪಸ್ ಬಂದವನಿಗೆ ಮನುಷ್ಯರ ವಾಸನೆಯೇ ಸೇರದೆ, ಹೆಂಡತಿ ಮಕ್ಕಳನ್ನು ಬಿಟ್ಟು ಲಾಯದಲ್ಲಿ ಕೂರುತ್ತಾನೆ. ಮುರಿಗೆಪ್ಪ ಕ್ಲಾಸಿನಲ್ಲಿ ಕೆನೆದು ತೋರಿಸುತ್ತಿದ್ದನಂತೆ.

ಹೋದ ಮಳೆಗಾಲದಲ್ಲಿ ಅವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತು ಕೈಕೊಟ್ಟಿತು. ನೀರು ಕೇಳಲು ಹೋದರೆ ಬಾಗಿಲು ಅನ್ನುತ್ತಿದ್ದ. ನಾಚಿಕೆಯಾಗಿ ಬಾಯಿಯನ್ನೇ ಮುಚ್ಚಿಕೊಂಡ. ಊಟದ ತಟ್ಟೆ ಹಿಡಿದು ಟೆರೇಸಿನ ರೂಮು ಸೇರತೊಡಗಿದ. ಮಾತಾಡಿದಷ್ಟೂ ಮಾತು ಬರುತ್ತದೆ, ಬಿಡಬೇಡಿ ಎಂದಿದ್ದರು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್.

(ಆ ರೂಮನ್ನು ಲಾಯಕ್ಕೆ ಹೋಲಿಸಿದವಳು ಚನ್ನಕ್ಕ. ನನಗೆ ಹೊಳೆದಿರಲಿಲ್ಲ. ಲೇಖಕನಂತೆ ಲೇಖಕ.)

೩
ಮಗಳು ಸ್ಮಿತಾ ಆ ಪುಸ್ತಕ ಓದಿ ಹೇಳುತ್ತಾಳೆ, ಅಪ್ಪ ಕಣ್ಣೀರಿಡುತ್ತಾನೆ ಎಂದು ಬರೆದಿದ್ದೆ. ಚನ್ನಕ್ಕ ಹೊಡೆದುಹಾಕಿಸಿದಳು. ಓದಿದ್ದು ನಿಜ, ಅವರು ಗೋಡೆ ಕಡೆ ತಿರುಗಿ ಮಲಗಿದ್ದೂ ನಿಜ, ಅಳು ಗಿಳು ಏನಿಲ್ಲ ಅಂದಳು.

ಆಗಿದ್ದು ಹೀಗೆ. ಒಂದು ಮಧ್ಯಾಹ್ನ ಅವಳೂ ತಟ್ಟೆ ಹಿಡಿದು ಟೆರೇಸಿಗೆ ಹೋದಳು. ರೊಟ್ಟಿ ಮುರಿಯುತ್ತಾ ಅದೇ ಕಥೆಯನ್ನು ತನಗೆ ತೋಚಿದಂತೆ ಹೇಳತೊಡಗಿದಳು. ಡಾಕ್ಟರ ಜೊತೆ ಹೆಂಡತಿಯೂ ಹಡಗು ಹತ್ತಿದಳು. ಗೇಣುದ್ದದವರು ಅವನನ್ನು ದಾರದಲ್ಲಿ ಕಟ್ಟಿಹಾಕಿದಾಗ ಬಿಚ್ಚಿದವಳು ಅವಳೇ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಇಲ್ಲ," ಎಂದ. "ಆಕಿ... ಇಲ್ಲ."

"ಹಂಗಾರ ಆಕಿ ಎಲ್ಲಿದ್ಳ್ರೀ?"

ಅವನು ಹುಡುಕಿದ. ಮೊದಲು 'ಕುದುರಿ' ಬಂತು, ತಲೆಯಲ್ಲಾಡಿಸಿದ. ಆಮೇಲೆ 'ಪೆನ್ನು'. ಚನ್ನಕ್ಕ ನಗಲಿಲ್ಲ, ಮಾತು ಹೇಳಿಕೊಡಲೂ ಇಲ್ಲ. ಕಾದಳು.

"ಮನ್ಯಾಗ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಒಬ್ಬಾಕಿನ."

ಅಷ್ಟು ವರ್ಷ ಪಾಠ ಮಾಡಿಯೂ ಡಾಕ್ಟರ ಆ ಮನೆಯೊಳಗೆ ಅವನು ಇಣುಕಿರಲಿಲ್ಲ. ತಟ್ಟೆ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ನೀ ಹೇಳು ಎಂಬಂತೆ ಕೈ ಮಾಡಿದ. ಮರುದಿನ ಅವನೇ ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಕೂತ. ಅಲ್ಲಿಂದ ಅವಳು ಕಥೆ ಕಟ್ಟುವುದು, ಅವನು ತಿದ್ದುವುದು.

೪
ಮುಕ್ತಾಯಗಳು ಬೇಕಾದಷ್ಟಿವೆ. ಮುರಿಗೆಪ್ಪ ಮತ್ತೆ ಕ್ಲಾಸಿನಲ್ಲಿ ನಿಂತು ಭಾಷಣ ಮಾಡುವುದು ಒಂದು. (ಅಪ್ಪ ಇನ್ನೂ ತೊದಲುತ್ತಾರೆ, ಸುಳ್ಳು ಬರೀಬೇಡಿ ಎಂದಳು ಸ್ಮಿತಾ.) ಇಬ್ಬರೂ ನಿಜವಾದ ಹಡಗು ಹತ್ತುವುದು ಇನ್ನೊಂದು. (ಇಲ್ಲೇ ಪಕ್ಕದ ಮಾಕಳಿವರೆಗಿನ ಬಸ್ಸೇ ತನಗೆ ಆಗಿಬರುವುದಿಲ್ಲ ಎಂದಳು ಚನ್ನಕ್ಕ.)

ಹಾಗಾದರೆ ಎಲ್ಲಿ ನಿಲ್ಲಿಸಲಿ ಎಂದು ಕೇಳಿದೆ.

"ನೀವು ಯಾಕ ನಿಲ್ಲಸ್ತೀರಿ?" ಎಂದಳು. "ನಾವಿನ್ನಾ ದಾರ್ಯಾಗ ಅದೀವಿ."

ಅವಳು ಗಂಡನ ಕಡೆ ತಿರುಗಿ, ಮುಂದೆ ಯಾವ ದ್ವೀಪ ಎಂದು ಕೇಳಿದಳು. ಮುರಿಗೆಪ್ಪ ಕಣ್ಣು ಮುಚ್ಚಿ ಹುಡುಕಿದ, ತುಟಿ ಆಡಿಸಿದ. ಬಂದದ್ದು 'ಚಟ್ನಿ'. ತಪ್ಪಾಯಿತೆಂದು ಅವನಿಗೇ ಗೊತ್ತಾಗಿ, ಬಹಳ ದಿನಗಳ ಮೇಲೆ ನಕ್ಕ.

ಆಗಲಿ, ಚಟ್ನಿಯೇ ಆಗಲಿ ಎಂದಳು ಚನ್ನಕ್ಕ. ಇಬ್ಬರೂ ಆ ದ್ವೀಪದಲ್ಲಿ ಇಳಿದರು. ಅಲ್ಲಿ ಏನೇನಿದೆ ಅಂತ ನನ್ನನ್ನು ಕೇಳಬೇಡಿ, ಅವಳು ಈಗಷ್ಟೇ ಹೇಳಲು ಶುರು—