ತಟ್ಟೆ ಹಿಡಿದು ನಿಂತವಳು

ಕೃತಿಕಾ ನಿಂತಳೆಂದರೆ ನಿಂತಳು. ಗೋಡೆಗೆ ಒರಗುವುದಿಲ್ಲ, ಕಾಲು ಬದಲಿಸುವುದಿಲ್ಲ, ಎದುರಿನವರು ಬೈದು ಸುಸ್ತಾಗುವವರೆಗೂ ಕಣ್ಣು ತಗ್ಗಿಸದೆ ಕೇಳಿ, ಆಮೇಲೆ ಮೆಲ್ಲಗೆ ‘ಇರ್ಲಿ, ನೋಡನ’ ಎನ್ನುತ್ತಾಳೆ. ಆ ‘ನೋಡನ’ದಲ್ಲಿ ಒಪ್ಪಿಗೆಯ ಲವಲೇಶವೂ ಇಲ್ಲವೆಂಬುದು ಹಿರೇಕೊಡಿಗೆಯಲ್ಲಿ ಎಲ್ಲರಿಗೂ ಗೊತ್ತು. ಮೈಮೇಲೆ ಸದಾ, ತೋಳು ಮಡಚಿದ, ತೀರಿಹೋದ ಅಪ್ಪನ ಕಂದು ಕೋಟು. ಬಾಯಿಯ ಕ್ಯಾನ್ಸರಾಗಿ ಆತ ಕೊನೆಗೆ ಗಂಜಿಯನ್ನೂ ನುಂಗಲಾರದೆ ಹೋದದ್ದನ್ನು ಹತ್ತಿರ ಕೂತು ಕಂಡವಳು ಅವಳು.

ನಾನು ಅವಳನ್ನು ಮೊದಲು ಗಮನಿಸಿದ್ದು ಒಂದು ಮದುವೆಯೂಟದ ಬಳಿಕ, ಅದೂ ಸಿಟ್ಟಿನಿಂದ. ಅವಳು ನನ್ನ ಮುಂದೆ ಹಿಡಿದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ ಎಲ್ಲವೂ ಇದ್ದು ಹೊಗೆಸೊಪ್ಪು ಮಾತ್ರ ಇರಲಿಲ್ಲ. ಇದೆಂಥ ಮರ್ಯಾದೆ ಎಂದು ಗೊಣಗಿದೆ.

‘ಯಾರ ಮನೆ ಮದುವೆ ಆದ್ರೂ ಬಡಿಸೋದು, ತಟ್ಟೆ ಹಿಡಿಯೋದು ನಾವು ಹುಡುಗ್ರೇ ಅಲ್ವ ಮಾರಾಯ್ರೆ? ಅದ್ರಲ್ಲಿ ಎಂತ ಇಡಬಾರ್ದು ಅಂತ ನಾವೇ ತೀರ್ಮಾನ ಮಾಡಿದೀವಿ’ ಎಂದಳು.

‘ಹಾಗಾದ್ರೆ ಅಡಿಕೆ?’ ಎಂದು ಕೆಣಕಿದೆ.

‘ಅದೂ ಒಳ್ಳೇದಲ್ಲ. ಆದ್ರೆ ಅಡಿಕೆ ತೋಟದವರ ಮುಂದೆ ಆ ಮಾತು ಎತ್ತಿದ್ರೆ ನಾಳೆಯೇ ಊರು ಬಿಡಬೇಕು. ಮೊದ್ಲು ಇದು ಹೋಗ್ಲಿ.’ ಅವಳು ನಗಲಿಲ್ಲ. ನಗು ಬಂದದ್ದು ನನಗೆ.

ತಂಬಾಕಿನ ವಿರುದ್ಧ ಭಾಷಣ ಕೇಳಿದ ಹಿರಿಯರು ಚಪ್ಪಾಳೆ ತಟ್ಟಿ, ಹೊರಗೆ ಬಂದು ಅದೇ ಕೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತಾರೆಂಬುದನ್ನು ಅವಳ ಯುವಜನ ಸಂಘದ ಹುಡುಗರು ಬೇಗ ಕಲಿತಿದ್ದರು. ಅದಕ್ಕೇ ತಟ್ಟೆಯನ್ನು ಹಿಡಿದರು. ಕೊಪ್ಪದ ಸೀಮೆಯಲ್ಲಿ ಶುರು ಮಾಡಿದ್ದಕ್ಕೆ ಶೃಂಗೇರಿಗೂ ನರಸಿಂಹರಾಜಪುರಕ್ಕೂ ಅವಳೇ ಸ್ಕೂಟರಿನಲ್ಲಿ ಹೋಗಿ, ಅಲ್ಲಲ್ಲಿನ ಹುಡುಗ ಹುಡುಗಿಯರನ್ನು ಒಪ್ಪಿಸಿ ಬಂದಳು.

ನಿಜವಾದ ಪರೀಕ್ಷೆ ಎದುರಾದದ್ದು ಅವಳ ಮನೆಯೊಳಗೇ, ಅಕ್ಕ ರಮ್ಯಳ ವೀಳ್ಯಶಾಸ್ತ್ರದ ದಿನ. ನೆರೆಯವನೆಂದು ನನ್ನನ್ನೂ ಕರೆದಿದ್ದರು. ವೀಳ್ಯದ ತಟ್ಟೆಯನ್ನು ಗಂಡಿನವರು ಸ್ವೀಕರಿಸಿದರೆ ಸಂಬಂಧ ನಿಶ್ಚಯ, ಇಲ್ಲದಿದ್ದರೆ ಇಲ್ಲ. ವರನ ದೊಡ್ಡಪ್ಪ ತಿಮ್ಮಪ್ಪಗೌಡರು ತಟ್ಟೆ ನೋಡಿ ಚಾಚಿದ ಕೈ ಹಿಂದೆಗೆದರು.

‘ಹೊಗೆಸೊಪ್ಪಿಲ್ಲದ ತಟ್ಟೆ ನಾ ಮುಟ್ಟಲ್ಲ.’

ರಮ್ಯಳ ಮುಖ ಬಿಳಿಚಿತು. ತಾಯಿ ಕಣ್ಣಲ್ಲೇ ಬೇಡಿಕೊಂಡರು. ಸೀರೆಯ ಮೇಲೂ ಆ ಕೋಟು ತೊಟ್ಟಿದ್ದ ಕೃತಿಕಾ ಹಾಗೆಯೇ ನಿಂತಳು. ‘ನೋಡನ’ ಎಂದೂ ಅನ್ನಲಿಲ್ಲ. ತಟ್ಟೆಯ ಅಂಚು ಸಣ್ಣಗೆ ನಡುಗುತ್ತಿತ್ತು.

ಆಗ ಮೂಲೆಯಿಂದ ಎದ್ದವರು ಕೃತಿಕಾಳ ಅಪ್ಪನ ತಾಯಿ ಶೇಷಮ್ಮ, ಎಲೆಯಡಿಕೆಯ ಸಂಚಿ ಬಿಟ್ಟು ಗಳಿಗೆಯೂ ಇರದ ಮುದುಕಿ. ಸೊಂಟದಿಂದ ಸಂಚಿ ಬಿಚ್ಚಿ ಅದರ ಹೊಗೆಸೊಪ್ಪನ್ನು ಅಂಗಳಕ್ಕೆ ಕೊಡವಿದರು. ಮೊಮ್ಮಗಳ ಕೋಟಿನ ತೋಳು ಸವರಿದರು.

‘ನನ್ನ ಮಗನಿಗೆ ಇದರ ರುಚಿ ಹತ್ತಿಸಿದ್ದು ಈ ಕೈಯೇ ಗೌಡ್ರೆ. ಅವ ಇದ್ದಿದ್ರೆ ಇವತ್ತು ಈ ತಟ್ಟೆ ಅವನೇ ಹಿಡೀತಿದ್ದ.’

ಹೇಳಿ, ತಟ್ಟೆಯ ಇನ್ನೊಂದು ಅಂಚಿಗೆ ತಾವೂ ಕೈಹಚ್ಚಿ ಮುಂದೆ ಚಾಚಿದರು. ಗೌಡರು ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಊರನ್ನು ತಿದ್ದುವವರು ವೇದಿಕೆಯ ಮೇಲಿಂದ ಬಂದಾರೆಂದು ಕಾಯುವುದು ನಮ್ಮೆಲ್ಲರ ಅಭ್ಯಾಸ. ಅಂಥವರು ಬಡಿಸುವವರ ಸಾಲಿನಲ್ಲಿ, ನಮ್ಮ ಮುಂದೆಯೇ ಬಗ್ಗಿ ನಿಂತಿರುತ್ತಾರೆ. ಹಿರಿಯರಿಗೆ ಎದುರಾಡುವುದಿಲ್ಲ, ಎದುರಿನಿಂದ ಸರಿಯುವುದೂ ಇಲ್ಲ. ಅವರಿಗೂ ಕೈ ನಡುಗುತ್ತದೆ. ತಟ್ಟೆಯನ್ನು ಮಾತ್ರ ಇಳಿಸುವುದಿಲ್ಲ.